ಹೈಸ್ಕೂಲು ಸುರಿದು ನೋಡಿದ್ದು

ನಮ್ಮ ತೆಂಗಿನ ಸೀಮೆಯ ಜನ ಯಾವುದನ್ನೂ ಅಲ್ಲಾಡಿಸಿ ನೋಡದೆ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಬರುವ ಸೊಸೆಯನ್ನು ಮಾತಿನಲ್ಲೇ ಅಲ್ಲಾಡಿಸುತ್ತಾರೆ, ಮಗು ಏಳನೇ ಕ್ಲಾಸು ಮುಗಿಸಿತು ಅಂದರೆ ನಮ್ಮ ಹೈಸ್ಕೂಲನ್ನು ಹಿಡಿದು ಅಲ್ಲಾಡಿಸುತ್ತಾರೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ಪ್ರತಿ ವರ್ಷವೂ ಹೀಗೇ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ, ನಾನೂ ನಕ್ಕು ಸುಮ್ಮನಾಗುತ್ತೇನೆ. ಈ ವರ್ಷ ಮಾತ್ರ ನಗುವಾಗಲೂ ಸೇರಿದ ಮಕ್ಕಳನ್ನು ಎಣಿಸುತ್ತಿದ್ದೆ.

ಕಾರಣ ಹಳದಿ ಬಸ್ಸು. ಪಕ್ಕದಲ್ಲೇ ಶುರುವಾದ ಖಾಸಗಿ ಶಾಲೆಯೊಂದು ಬೆಳಗಾಗೆದ್ದು ಮನೆ ಬಾಗಿಲಿಗೇ ಹಳದಿ ಬಸ್ಸು ಕಳಿಸಿ ನಮ್ಮ ಮಕ್ಕಳನ್ನು ಹತ್ತಿಸಿಕೊಂಡು ಹೋಗತೊಡಗಿತ್ತು. ಈ ಸಲ ಎಂಟನೇ ಕ್ಲಾಸು ತುಂಬದಿದ್ದರೆ ನಮ್ಮ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಮುಚ್ಚುತ್ತದೆ, ಗಣಿತದ ಒಂದು ಹುದ್ದೆ ಹೆಚ್ಚುವರಿಯಾಗಿ ಬೇರೆ ಕಡೆ ಹೋಗುತ್ತದೆ ಎಂದು ಹೆಡ್‌ಮಾಸ್ಟರು ಹೇಳಿದರು. ಗಣಿತದ ಆ ಒಂದು ಹುದ್ದೆ ಅಂದರೆ ನಾನೇ. ಈ ಊರು, ಈ ಮಕ್ಕಳು, ಕಿಟಕಿಯಾಚೆಯ ಹೊಂಗೆ ಮರ ಎಲ್ಲ ಬಿಟ್ಟು ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಅಜ್ಜಿಯ ವರದಿ

ಸ್ಕೂಲಿನ ಗೇಟಿನ ಎದುರು ಒಂದು ಮನೆ. ಅದರ ಜಗಲಿಯ ಮೇಲೆ ಒಬ್ಬ ಅಜ್ಜಿ ದಿನವೆಲ್ಲ ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುತ್ತಾ ಕೂತಿರುತ್ತಾರೆ. ಸ್ಕೂಲು ಹೇಗಿದೆ ಎಂದು ತಿಳಿಯಬೇಕಾದ ತಂದೆ ತಾಯಿ ಮೊದಲು ಹೋಗುವುದು ಅವರ ಹತ್ತಿರವೇ. ಅಜ್ಜಿ ಓದಿದವರಲ್ಲ. ಆದ್ದರಿಂದ ಅವರು ಪಾಠ ಅಳೆಯುವುದು ಹೇಳಿಕೊಡುವವರ ಗಂಟಲಿನಲ್ಲಿ.

"ಲೆಕ್ಕದ ಮೇಡಮ್ಮೋರು ಚೆಂದಾಗಿ ಹೇಳ್ಕೊಡ್ತಾರೆ ಕಣವ್ವ. ಅವರು ಬಾಯಿ ಬುಟ್ರೆ ನಮ್ಮ ತೋಟದಲ್ಲಿರೋ ಎಮ್ಮೆ ಎದ್ದು ನಿಲ್ಲುತ್ತೆ," ಎಂದು ನನ್ನ ಬಗ್ಗೆ ಹೇಳುತ್ತಿದ್ದರಂತೆ. ಇದನ್ನು ಹೊಗಳಿಕೆ ಎಂದೇ ನಾನು ಇಟ್ಟುಕೊಂಡಿದ್ದೇನೆ.

ತೊಂದರೆ ಆದದ್ದು ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರಿಗೆ. ತುಂಬ ಚೆನ್ನಾಗಿ ಪಾಠ ಮಾಡುತ್ತಾರೆ, ಆದರೆ ಮೂರನೇ ಬೆಂಚು ದಾಟದ ದನಿ. ಅಜ್ಜಿ ಬಂದವರಿಗೆಲ್ಲ, "ಆ ಹೊಸಬ್ರು ಬಾಯೇ ಬುಡಲ್ಲ, ಸುಮ್ನೆ ಸಂಬಳ ತಗೊಳ್ತಾವ್ರೆ," ಎಂದು ವರದಿ ಕೊಡತೊಡಗಿದರು. ಹೆಡ್‌ಮಾಸ್ಟರು ಗಾಬರಿಯಾಗಿ ಮೇಷ್ಟ್ರ ಕ್ಲಾಸನ್ನು ರಸ್ತೆ ಕಡೆಯ ಕೋಣೆಗೆ ಬದಲಾಯಿಸಿ, "ಸ್ವಲ್ಪ ಜೋರಾಗಿ ಮಾಡಿ ಸಾರ್, ಅಜ್ಜಿಯೂ ನಿಮ್ಮ ಸ್ಟೂಡೆಂಟು ಅಂದ್ಕೊಳ್ಳಿ," ಎಂದರು. ಪಾಪ, ಆ ಮನುಷ್ಯ ಕುತ್ತಿಗೆಯ ನರ ಉಬ್ಬಿಸಿ ಎಲೆ ಹೇಗೆ ಆಹಾರ ತಯಾರಿಸುತ್ತದೆ ಎಂದು ಇಡೀ ಬೀದಿಗೆ ಸಾರಿದರು.

ಎರಡು ದಿನ ಬಿಟ್ಟು ಅಜ್ಜಿ ನನ್ನನ್ನು ಗೇಟಿನಲ್ಲೇ ತಡೆದರು. "ಮೇಡಮ್ಮೋರೆ, ಆ ಮೇಷ್ಟ್ರಿಗೆ ಏನಾಗೈತೆ? ಅಷ್ಟು ಸಾಧು ಇದ್ರು, ಈಗ ಹಿಂಗೆ ಕಿರುಚ್ತಾವ್ರೆ. ಹೆಂಡ್ತಿ ತವರಿಗೆ ಹೋಗವ್ಳಾ?"

"ಅವರಿಗೆ ಇನ್ನೂ ಮದುವೆಯೇ ಆಗಿಲ್ಲ ಅಜ್ಜಿ," ಎಂದೆ.

"ಹಂಗಾದ್ರೆ ಬೇಗ ಮಾಡ್ಸಿ. ಗಂಟಲು ತಾನಾಗೇ ಇಳೀತದೆ."

ಎಳನೀರು

ಮೇ ತಿಂಗಳಲ್ಲಿ ನಾವು ಮಕ್ಕಳನ್ನು ಕೇಳಿಕೊಂಡು ಮನೆ ಮನೆಗೆ ಹೊರಟೆವು. ಹೆಡ್‌ಮಾಸ್ಟರು ಮುಂದೆ, ನಾನು ಹಿಂದೆ. ಬಿಳಿಗೆರೆ ಕಡೆಯ ತೋಟದ ಮನೆಗಳು ಮೊದಲು.

ನಮ್ಮ ಕಡೆಯವರು ಎದುರಿಗೆ "ಇಲ್ಲ" ಅನ್ನುವುದಿಲ್ಲ, ಅದರ ಬದಲು ಎಳನೀರು ಕೆತ್ತಿ ಕೊಡುತ್ತಾರೆ. "ಬನ್ನಿ ಸಾರ್, ಕೂತ್ಕಳಿ ಮೇಡಂ, ಬಿಸಿಲು ನೋಡಿ ಹೆಂಗೈತೆ," ಎಂದು ಕೂರಿಸಿ, ಕುಡಿಸಿ, ಕಾಯೊಳಗಿನ ಎಳೆ ಗಂಜಿ ತಿನ್ನಿಸಿ, "ಮಗೀನ ವಿಷ್ಯ ಮನೇಲಿ ಮಾತಾಡಿ ಹೇಳ್ತೀವಿ," ಎಂದು ಸಾಗಹಾಕುತ್ತಾರೆ. ಕುಡಿಯದಿದ್ದರೆ ಅವರಿಗೆ ಬೇಜಾರು, ಬೇಜಾರಾದರೆ ಮಗು ಹಳದಿ ಬಸ್ಸಿಗೆ. ಹಾಗಾಗಿ ಹೋದ ಕಡೆಯೆಲ್ಲ ಕುಡಿದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಮಗುವೂ ಸಿಕ್ಕಿರಲಿಲ್ಲ, ನನ್ನ ಹೊಟ್ಟೆ ಮಾತ್ರ ಕೆರೆ ತುಂಬಿದ ಹಾಗಿತ್ತು.

ಕೊನೆಯ ಮನೆಯಲ್ಲಿ ಇದ್ದಾಕೆ ಬಲು ಖಡಕ್ಕು. ಎಳನೀರು ಕೈಗೆ ಕೊಟ್ಟು, ಎದುರಿಗೆ ಕೂತು, ವಿಚಾರಣೆ ಶುರು ಮಾಡಿದರು. ಕಾಂಪೌಂಡ್ ಇದೆಯಾ, ಕಂಪ್ಯೂಟರ್ ನಡೆಯುತ್ತಾ, ಬಿಸಿಯೂಟ ರುಚಿ ಇದೆಯಾ. ಹೆಡ್‌ಮಾಸ್ಟರು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಡುತ್ತಾ ಹೋದರು. ನಾನು ಕಾಲ ಮೇಲೆ ಕಾಲು ಹಾಕಿ, ತೆಗೆದು, ಮತ್ತೆ ಹಾಕಿ ಕೂತಿದ್ದೆ.

ಆಕೆ ನನ್ನ ಕಡೆ ತಿರುಗಿದರು. "ಅದೆಲ್ಲ ಇರ್ಲಿ ಮೇಡಂ. ನಮ್ದು ಹೆಣ್ಣುಮಗು. ನಿಮ್ಮ ಸ್ಕೂಲಲ್ಲಿ ಹೆಣ್ಣುಮಕ್ಳಿಗೆ ಟಾಯ್ಲೆಟ್ ಸರಿಯಾಗಿ ಐತಾ? ನಿಜ ಹೇಳಿ."

"ಅದನ್ನ ಆಮೇಲೆ ಹೇಳ್ತೀನಿ ಅಕ್ಕಾ," ಎಂದು ನಾನು ಎದ್ದೇಬಿಟ್ಟೆ, "ಮೊದ್ಲು ನಿಮ್ಮನೇದು ಎಲ್ಲಿದೆ ತೋರ್ಸಿ!"

ನಾನು ವಾಪಸು ಬರುವ ಹೊತ್ತಿಗೆ ಆಕೆ ಇನ್ನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ಈ ಕಷ್ಟ ಏನಂತ ಗೊತ್ತಿರೋ ಟೀಚರ್ ಇದ್ರೆ ಸಾಕು ಕಣ್ರೀ, ಸೇರಿಸ್ಕಳಿ," ಎಂದರು. ಅಂದು ಸಿಕ್ಕಿದ್ದು ಅದೊಂದೇ ಮಗು.

ಫೇಲಾದ ಅಪ್ಪ

ಒಂದು ಬೆಳಗ್ಗೆ ಆಫೀಸಿನ ಬಾಗಿಲಲ್ಲಿ ಒಬ್ಬ ರೈತ ಮಗನ ಕೈ ಹಿಡಿದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ತುಂಬ ಬೆವರು.

"ಸಾರ್, ನಿಮ್ಮಲ್ಲಿ ಅಪ್ಪಂಗೂ ಪರೀಕ್ಷೆ ಐತಾ?"

"ಅಪ್ಪನಿಗ್ಯಾಕಪ್ಪ? ಮಗನಿಗೇ ಇಲ್ಲ," ಎಂದರು ಹೆಡ್‌ಮಾಸ್ಟರು.

ಆತ ದೊಡ್ಡದಾಗಿ ಉಸಿರು ಬಿಟ್ಟು ಕುರ್ಚಿಯ ಮೇಲೆ ಕೂತ. "ಹಂಗಾದ್ರೆ ಬರ್ಕಳಿ ಸಾರ್. ಆ ಬಸ್ಸಿನ ಸ್ಕೂಲಲ್ಲಿ ನನ್ನೂ ಇವನ್ನೂ ಎದುರಿಗೆ ಕೂರಿಸ್ಕೊಂಡು ಇಂಗ್ಲಿಷಲ್ಲಿ ಕೇಳಿದ್ರು. ಇವನು ಪಾಸಾದ. ನಾನು ಫೇಲಾದೆ."

ಟೈಲರ್ ಸಾಹೇಬರ ಲೆಕ್ಕಾಚಾರ

ಬಸ್‌ಸ್ಟಾಪಿನ ಪಕ್ಕದಲ್ಲಿ ಒಬ್ಬ ಟೈಲರ್ ಸಾಹೇಬರ ಅಂಗಡಿ. ನಮ್ಮ ಯೂನಿಫಾರಂ, ಖಾಸಗಿ ಶಾಲೆಯ ಯೂನಿಫಾರಂ ಎರಡನ್ನೂ ಹೊಲಿಯುವವರು, ರಿಪೇರಿ ಮಾಡುವವರು ಅವರೇ. ಅವರ ಮಗಳೂ ಏಳನೇ ಕ್ಲಾಸು ಮುಗಿಸಿದ್ದಳು. ಎರಡು ಶಾಲೆಯನ್ನೂ ಹತ್ತಿರದಿಂದ ಬಲ್ಲ ಮನುಷ್ಯ, ಅವರು ಏನು ಹೇಳುತ್ತಾರೋ ನೋಡೋಣ ಎಂದು ಹೆಡ್‌ಮಾಸ್ಟರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು.

ಸಾಹೇಬರು ಮಿಷನ್ ನಿಲ್ಲಿಸಿ ನಮಗೆ ಟೀ ಹೇಳಿದರು. "ನೋಡಿ ಸಾರ್, ಆ ಸ್ಕೂಲಿನ ಪ್ಯಾಂಟು ನನ್ನ ಹತ್ರ ಬಂದ್ರೆ ಹಿಂದುಗಡೆ ಸವೆದಿರುತ್ತೆ. ಮಕ್ಕಳು ಕೂತ ಕಡೆ ಕೂತೇ ಇರ್ತಾವೆ. ಓದ್ತಾವೆ, ಪಾಪ."

ಹೆಡ್‌ಮಾಸ್ಟರ ಮುಖ ಸಣ್ಣಗಾಯಿತು. "ನಮ್ಮದು?"

"ನಿಮ್ದು ಮಂಡಿ ಹರಿದಿರುತ್ತೆ, ಜೇಬು ಕಿತ್ತಿರುತ್ತೆ, ಗುಂಡಿ ಒಂದೂ ಇರಲ್ಲ. ಓಡ್ತಾವೆ, ಬೀಳ್ತಾವೆ, ಮರ ಹತ್ತುತ್ತಾವೆ. ಹಿಂದುಗಡೆನೂ ಸವೆದಿರುತ್ತೆ ಸಾರ್, ಸುಳ್ಳು ಯಾಕೆ ಹೇಳ್ಲಿ, ಓದೋದೂ ಓದ್ತಾವೆ."

"ಮತ್ತೆ ಮಗಳನ್ನ ಎಲ್ಲಿಗೆ ಸೇರಿಸ್ತೀರಿ ಸಾಹೇಬ್ರೇ?" ಎಂದೆ ನಾನು, ತಡೆಯಲಾರದೆ.

"ಅರೆ ಮೇಡಂ, ಅದೂ ಕೇಳ್ತೀರಾ? ನಿಮ್ಮಲ್ಲಿಗೇ. ನಿಮ್ಮ ಸ್ಕೂಲು ಮುಚ್ಚಿದ್ರೆ ನನ್ನ ಅಂಗಡಿ ಉಳಿಯುತ್ತಾ?"

ಸುರೀರಿ

ಇಷ್ಟೆಲ್ಲ ಮಾಡಿದರೂ ಜೂನ್ ಬಂದಾಗ ಎಂಟನೇ ಕ್ಲಾಸಿನಲ್ಲಿ ಅರ್ಧಕ್ಕರ್ಧ ಬೆಂಚುಗಳು ಖಾಲಿ. ಮಕ್ಕಳನ್ನು ಇನ್ನೂ ಎಲ್ಲೂ ಸೇರಿಸದ ಊರವರೆಲ್ಲ ಕಾಯುತ್ತಿದ್ದದ್ದು ಒಬ್ಬರಿಗಾಗಿ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಯಜಮಾನರು ನಮ್ಮೂರಿನವರೇ. ಊರಿನ ಕೊಬ್ಬರಿಯೆಲ್ಲ ಅವರ ಮಂಡಿಗೇ ಹೋಗುವುದು. ಅವರ ಮೊಮ್ಮಗಳು ಎಲ್ಲಿ ಸೇರುತ್ತಾಳೋ ನಮ್ಮ ಮಕ್ಕಳೂ ಅಲ್ಲಿಗೇ, ಎಂದು ಟೀ ಅಂಗಡಿಯಲ್ಲಿ ತೀರ್ಮಾನವಾಗಿತ್ತು. ಆ ಯಜಮಾನರು, "ನಾಳೆ ಬತ್ತೀನಿ, ಮಕ್ಳನ್ನ ನೋಡ್ತೀನಿ," ಎಂದು ಹೇಳಿ ಕಳಿಸಿದರು.

ಹೆಡ್‌ಮಾಸ್ಟರು ಅರಳಗುಪ್ಪೆ ಕಡೆಯ ತೆಂಗಿನ ಮನೆಯಿಂದ ಬಂದವರು. ಅವರಿಗೆ ಮಂಡಿಯವರ ಪಟ್ಟೆಲ್ಲ ಗೊತ್ತು. ಕೊಬ್ಬರಿ ಕೊಳ್ಳುವವರು ಚೀಲದ ಬಾಯಲ್ಲಿರುವ ಉಂಡೆ ಕೊಬ್ಬರಿ ನೋಡುವುದಿಲ್ಲ. ಮಾರುವವರು ಅಲ್ಲಿ ಚೆನ್ನಾಗಿರುವುದನ್ನೇ ಇಟ್ಟಿರುತ್ತಾರೆ. ಅದಕ್ಕೇ ಕೈ ಒಳಗೆ ತೂರಿಸಿ ನಡುವಿನಿಂದ ಒಂದನ್ನು ಎಳೆದು ನೋಡುತ್ತಾರೆ.

"ಮೇಡಂ, ಅವರು ಮುಂದಿನ ಬೆಂಚು ಮೂಸೂ ನೋಡಲ್ಲ. ಒಂಬತ್ತನೇ ಕ್ಲಾಸಿನ ಜಾಣರನ್ನೆಲ್ಲ ನಡುವಿನ ಬೆಂಚಿಗೆ ತುಂಬಿ," ಎಂದರು.

ತುಂಬಿದೆ. ಒಬ್ಬ ಹುಡುಗಿಯನ್ನು ಮಾತ್ರ ಮೂಲೆಯ ಕೊನೆಯ ಬೆಂಚಿಗೆ ಕಳಿಸಿದೆ. ದಡ್ಡಿ ಅಂತಲ್ಲ. ಅವಳಿಗೆ ಪ್ರಶ್ನೆ ಕೇಳುವ ಚಟ. ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಯನ್ನೇ, "ಸಾರ್, ನೀವು ಬರೋ ದಿನ ಮಾತ್ರ ನಮ್ಗೆ ಯಾಕೆ ಮೊಟ್ಟೆ ದೊಡ್ಡದು ಕೊಡ್ತಾರೆ?" ಎಂದು ಕೇಳಿದವಳು.

ಯಜಮಾನರು ಬಂದರು. ಬಿಳಿ ಪಂಚೆ, ಬಿಳಿ ಶರಟು, ಹಿಂದೆ ಟೀ ಅಂಗಡಿಯ ಅಷ್ಟೂ ಜನ. ಕ್ಲಾಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಮ್ಮೆ ನೋಡಿದರು. ಹೆಡ್‌ಮಾಸ್ಟರಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಬೇಕಾದ್ರೆ ನಡುವಿಂದ ಯಾರನ್ನಾದ್ರೂ ಎಬ್ಬಿಸಿ ಕೇಳಿ!" ಎಂದುಬಿಟ್ಟರು.

ಯಜಮಾನರು ಮೀಸೆಯಡಿ ನಕ್ಕರು. "ಸಾರ್, ಮಾರೋನೇ ನಡುವಿಂದ ತೆಗೀರಿ ಅಂದ್ರೆ, ಅಂಥ ಚೀಲಾನ ನಾವು ಸುರಿದೇ ನೋಡೋದು. ಸುರೀರಿ."

"ಏನನ್ನ?"

"ಕ್ಲಾಸ್ನ. ಎಲ್ರನ್ನೂ ಆಚೆ ಬುಡಿ."

ಆಚೆ ಬಿಟ್ಟೆವು. ಆಟದ ಪೀರಿಯಡ್ಡು ಅಂದುಕೊಂಡು ಇಡೀ ಕ್ಲಾಸು ಹೋ ಎಂದು ಮೈದಾನಕ್ಕೆ ಓಡಿತು. ನಾನು ಅಷ್ಟು ಕಷ್ಟಪಟ್ಟು ನಡುವಿಗೆ ತುಂಬಿದ್ದ ಜಾಣರು ಎಲ್ಲರಿಗಿಂತ ಮುಂದೆ ಓಡಿದರು. ಹೊಂಗೆ ಮರದಡಿ ಒಬ್ಬಳೇ ನಿಂತಳು, ಆ ಮೂಲೆ ಬೆಂಚಿನವಳು. ನಾನು ಕಣ್ಣಲ್ಲೇ "ಹೋಗೇ, ಆಡ್ಕೋ ಹೋಗೇ," ಎಂದು ಗೋಗರೆದೆ. ಅವಳು ನೇರವಾಗಿ ಯಜಮಾನರ ಹತ್ತಿರ ಬಂದಳು.

"ತಾತ, ಒಂದು ಕೇಳ್ಲಾ?"

"ಕೇಳವ್ವ."

"ನಮ್ಮಪ್ಪ ಮಂಡಿಗೆ ಕೊಬ್ಬರಿ ತಂದಾಗ ಚೀಲದ ತೂಕ ಅಂತ ನೀವು ಚೀಲಕ್ಕೆ ಒಂದು ಕಿಲೋ ಮುರ್ಕೋತೀರಲ್ಲ?"

"ಹೂಂ, ಮುರ್ಕೋತೀವಿ. ಮೊದ್ಲಿಂದ್ಲೂ ಹಂಗೇ."

"ನಮ್ ಮಿಸ್ಸು ಕ್ಲಾಸಲ್ಲಿ ಖಾಲಿ ಚೀಲ ತೂಗ್ಸಿದ್ರು ತಾತ. ಮುಕ್ಕಾಲು ಕಿಲೋನೂ ಬರ್ಲಿಲ್ಲ. ಉಳಿದದ್ದು ಯಾವುದ್ರ ತೂಕ?"

ಹಿಂದೆ ನಿಂತಿದ್ದ ಟೀ ಅಂಗಡಿಯ ಜನ ಒಂದೊಂದು ಹೆಜ್ಜೆ ಹತ್ತಿರ ಬಂದರು. ಅವರೆಲ್ಲರೂ ಅದೇ ಮಂಡಿಗೆ ಚೀಲ ಹಾಕುವವರು. ಹೆಡ್‌ಮಾಸ್ಟರು ಹೊಂಗೆ ಮರಕ್ಕೆ ಒರಗಿದರು. ನಾನು ಮನಸ್ಸಿನಲ್ಲೇ ಗಂಟು ಮೂಟೆ ಕಟ್ಟತೊಡಗಿದೆ. ತೂಕದ ಪಾಠಕ್ಕೆ ಏನಾದರೂ ಕೈಗೆ ಸಿಗುವುದು ಇರಲಿ ಎಂದು ಬಿಸಿಯೂಟದ ಖಾಲಿ ಚೀಲ ತೂಗಿಸಿದವಳು ನಾನೇ. ಅದು ಹೋಗಿ ಮಂಡಿ ಮುಟ್ಟುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಇದನ್ನ ನೀವೇ ಕಲಿಸಿದ್ದಾ ಮೇಡಂ?"

"ತೂಗೋದು ನಾನು ಕಲಿಸಿದ್ದು," ಎಂದೆ. ದನಿ ಆ ಹೊಸ ಮೇಷ್ಟ್ರಿಗಿಂತ ಸಣ್ಣಗೆ ಬಂತು. "ಕೇಳೋದು ಅವಳೇ ಕಲ್ತಿದ್ದು."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಹುಡುಗಿಯ ತಲೆ ಸವರಿ, "ಮುಂದಿನ ಸಲದಿಂದ ನಿಮ್ಮಪ್ಪನ ಚೀಲ ತೂಗೇ ಮುರ್ಕೋತೀನಿ ಕಣವ್ವ," ಎಂದರು. ನನಗೆ ಹೇಳಿದರು, "ನಮ್ ಮೊಮ್ಮಗಳನ್ನ ಈವತ್ತೇ ಸೇರಿಸ್ಕಳಿ ಮೇಡಂ. ನಾಳೆ ಈ ಮಗಾ ದೊಡ್ಡೋಳಾಗಿ ಮಂಡಿಗೆ ಬಂದು ನಿಂತ್ರೆ, ಉತ್ತರ ಹೇಳಕ್ಕೆ ನಮ್ಮನೇಲೂ ಒಬ್ರು ಬೇಕಲ್ಲ."

ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಒಟ್ಟಿಗೆ ಮಾಡಿದೆ. ಅಷ್ಟರಲ್ಲಿ ಟೀ ಅಂಗಡಿಯ ಜನವೆಲ್ಲ ಆಫೀಸಿನ ಬಾಗಿಲಿಗೆ ನುಗ್ಗಿದ್ದರು. "ನನ್ ಮಗನ್ನ ಬರ್ಕಳಿ," "ನನ್ ಮಗಳನ್ನ ಮೊದ್ಲು ಬರ್ಕಳಿ," "ಆ ಚೀಲ ತೂಗೋ ಮಿಸ್ಸಿನ ಸೆಕ್ಷನ್ನಿಗೇ ಹಾಕಿ!" ಅಂದು ಸಂಜೆಯೊಳಗೆ ಎಂಟನೇ ಕ್ಲಾಸಿನಲ್ಲಿ ಕೂರಲು ಜಾಗ ಇರಲಿಲ್ಲ. ನಾನು ಹೆಚ್ಚುವರಿ ಆಗುವ ಬದಲು ಬೆಂಚುಗಳೇ ಕಡಿಮೆಯಾದವು.

ಗಲಾಟೆಯ ನಡುವೆ ಒಬ್ಬ ರೈತ ನನ್ನ ಹತ್ತಿರ ಬಂದು, ಯಜಮಾನರು ಬೆನ್ನ ಹಿಂದೆಯೇ ಇರುವುದನ್ನು ನೋಡದೆ, ಪಿಸುಗುಟ್ಟಿದ. "ಮೇಡಂ, ಚೀಲದ್ದು ಆಯ್ತು. ತಕ್ಕಡಿ ಪಾಠ ಯಾವಾಗ ಬತ್ತದೆ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು.

"ಅದನ್ನ ಹತ್ತನೇ ಕ್ಲಾಸಿಗೆ ಇಟ್ಕಳಿ ಮೇಡಂ. ಅಷ್ಟರಲ್ಲಿ ನಾನು ಮಂಡೀನ ಮಗನಿಗೆ ವಹಿಸಿಬುಡ್ತೀನಿ."