ಮಾವನ ಕುರಿ ರಸ್ತೆ ದಾಟಲಿಲ್ಲ

ನಮ್ಮ ಸೋದರಮಾವನಷ್ಟು ಕೆಟ್ಟ ಆಟಗಾರ ಇಡೀ ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಕಬಡ್ಡಿ, ಕೇರಂ ವಿಷಯವಲ್ಲ ಇದು. ಅವರ ಹಳೇ ಕಂಪ್ಯೂಟರಿನಲ್ಲಿ ಒಂದು ಆಟವಿದೆ. ಕುರಿಗಳನ್ನು ರಸ್ತೆ ದಾಟಿಸಬೇಕು, ಲಾರಿ ಬಂದಾಗ ನಿಲ್ಲಿಸಬೇಕು, ಅಷ್ಟೇ. ಕೀಬೋರ್ಡಿನ ಮೇಲೆ ಬೆಕ್ಕು ಓಡಾಡಿದರೂ ಎರಡು ಕುರಿ ದಾಟಿಯಾವು! ಮಾವ ಎಷ್ಟೋ ವರ್ಷಗಳಿಂದ ದಿನಾ ಸಂಜೆ ಆಡುತ್ತಾರೆ. ಇವತ್ತಿನವರೆಗೆ ಒಂದು ಕುರಿಯೂ ದಾಟಿಲ್ಲ.

ಮಾವ ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ಅದು ಮುಚ್ಚಿದ ಮೇಲೆ ಅಲ್ಲಿದ್ದ ಫ್ಲಾಪಿ, ಸಿಡಿಗಳನ್ನೆಲ್ಲ ಮನೆಗೆ ತಂದು, ರೇಷ್ಮೆ ಸೀರೆಗಳ ಹಾಗೆ ನುಸಿಗುಳಿಗೆ ಹಾಕಿ ಬೀರುವಿನಲ್ಲಿಟ್ಟರು. ಒಂದನ್ನೂ ನಕಲು ಮಾಡುವಂತಿಲ್ಲ. ಹಕ್ಕುಸ್ವಾಮ್ಯದ ಕಾನೂನಿಗೆ ಮಾವ ಹೆದರಿದಷ್ಟು ಜನ ಶನಿಗೂ ಹೆದರುವುದಿಲ್ಲ.

‘ಷರತ್ತುಗಳನ್ನೆಲ್ಲ ಓದಿ ಒಪ್ಪಿದ್ದೇನೆ’ ಎಂಬಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಒತ್ತುತ್ತೇವಲ್ಲ, ಅದನ್ನು ನಿಜವಾಗಿ ಓದಿದ ಮನುಷ್ಯ ಇವರೊಬ್ಬರೇ ಇರಬೇಕು! ಒಮ್ಮೆ ಹೊಸ ಸಾಫ್ಟ್‌ವೇರ್ ಹಾಕುವಾಗ ಮನೆಮಂದಿಯನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ಷರತ್ತುಗಳನ್ನು ಕನ್ನಡದಲ್ಲಿ ವಿವರಿಸಿದರು. ಪುರಾಣ ಕೇಳಿದ ಹಾಗೆ ಕೇಳಿದೆವು. ಕೊನೆಗೆ ಅತ್ತೆ ಒಳಗಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

“ಏನು ಹಾಳಾದ್ರೂ ಕಂಪನಿ ಜವಾಬ್ದಾರಿ ಅಲ್ಲ ಅಂದ್ರೆ ಹೆಂಗ್ರೀ? ನಂಗೆ ಒಪ್ಪಿಗೆ ಇಲ್ಲ.”

ಮಾವ ಗುಂಡಿ ಒತ್ತಲಿಲ್ಲ. ಒಪ್ಪದ ವಿಷಯದಲ್ಲಿ ಅತ್ತೆ ಸುಮ್ಮನಿರುವವರೂ ಅಲ್ಲ. ಉಪ್ಪಿಟ್ಟು ಬಡಿಸುವಾಗ, ಬಟ್ಟೆ ಒಣಗಿಸುವಾಗ, ಬಂದ ನೆಂಟರ ಮುಂದೆ, ಎಲ್ಲೆಲ್ಲೂ ಅದೇ ವಾದ. ಆ ಸಾಫ್ಟ್‌ವೇರ್ ನಮ್ಮ ಮನೆಗೆ ಬರಲೇ ಇಲ್ಲ.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಮಾವನ ನಿಯಮಗಳು ಮಾತ್ರ ಬಿಗಿಯಾಗುತ್ತಲೇ ಹೋದವು. ಅವರು ಕುರಿ ಆಡುವಾಗ ನಾನು ಹಿಂದೆ ನಿಂತು ಇಣುಕಿದರೆ, “ಆ ಕಡೆ ತಿರುಗೋ ಅಳಿಯ, ಪರ್ಮಿಶನ್ ಒಬ್ಬರಿಗೇ ಐತೆ,” ಎನ್ನುತ್ತಿದ್ದರು. ಕಿವಿಗೆ ಹೆಡ್‌ಫೋನು ಬೇರೆ. ಸದ್ದು ಹೊರಗೆ ಹೋದರೆ ಅದೂ ಹಂಚಿದ ಹಾಗಂತೆ!

ಹೋದ ವರ್ಷ ಆ ಆಟದ ಸಿಡಿ ಕೆಮ್ಮತೊಡಗಿತು. ತಿರುಗುವುದು, ನಿಲ್ಲುವುದು, ಮತ್ತೆ ಗೊರಗೊರ. ಅದರ ಜೋಡಿ ಇನ್ನೊಂದು ಸಿಡಿ ಎಲ್ಲೂ ಇಲ್ಲ. ಇದು ಸತ್ತರೆ ಆಟವೂ ಸತ್ತ ಹಾಗೆ. ಮಾವನಿಗೆ ಅನ್ನ ಸೇರದಾಯಿತು. ನಾನು ಕಾಪಿ ಮಾಡಿಕೊಡುತ್ತೇನೆಂದರೆ ಕನ್ನ ಹಾಕಲು ಕರೆದವನನ್ನು ನೋಡುವಂತೆ ನೋಡಿದರು. ಬೇರೆ ದಾರಿ ಕಾಣದೆ ಹೊನ್ನಾಳಿಯಲ್ಲಿರುವ ನಮ್ಮ ಪರಿಚಯದ ವಕೀಲರ ಹತ್ತಿರ ಕರೆದುಕೊಂಡು ಹೋದೆ.

“ಅಸಲಿ ಸಿಡಿ ನಿಮ್ದೇ ಆದ್ರೆ, ಹಾಳಾಗ್ದಂಗೆ ಒಂದು ಕಾಪಿ ಮಾಡಿ ಇಟ್ಕೊಳ್ಳಾಕೆ ಅಡ್ಡಿ ಇಲ್ರಿ,” ಎಂದರು ವಕೀಲರು.

“ಅದೇ ಬೀರುನಾಗೆ ಇಟ್ಟು, ಗೆದ್ದಲು ಬಂದ್ರೆ ಎರಡೂ ಹೋಗ್ತಾವಲ್ರೀ. ನಾಕು ಮನೇಲಿ ಇರ್ಬೇಕು ಅದು,” ಎಂದರು ಮಾವ.

“ಊರಿಗೆಲ್ಲ ಹಂಚಾಕೆ ಮಾಲೀಕ ಹೂಂ ಅನ್ಬೇಕು. ಅವನು ಸತ್ತ ಮೇಲೂ ಹಕ್ಕು ಅರವತ್ತು ವರ್ಷ ಬದುಕಿರ್ತೈತೆ.”

“ಸಿಡಿ ಅಷ್ಟು ವರ್ಷ ಬದುಕಲ್ಲವಲ್ರೀ?”

“ಅದು ಕಾನೂನಿನ ತಲೆನೋವಲ್ಲ ಬಿಡ್ರಿ.”

ಸರಿ, ಮಾಲೀಕನನ್ನು ಹುಡುಕುವುದೆಂದಾಯಿತು. ನಮ್ಮ ಕಡೆ ಹೆಣ್ಣು ಕೊಡುವುದಿರಲಿ, ಎತ್ತು ಕೊಳ್ಳುವುದಿರಲಿ, ಎಲೆ ಅಡಿಕೆ ಕೈ ಬದಲಾಯಿತು ಎಂದರೆ ಮಾತು ಮುಗಿಯಿತು. ಹಕ್ಕುಸ್ವಾಮ್ಯಕ್ಕೂ ಅದೇ ಪದ್ಧತಿ ಎಂದು ಮಾವ ತೀರ್ಮಾನಿಸಿದರು! ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆವು. ಆಟ ಬರೆದವನು ಒಂದು ಕಾಲದಲ್ಲಿ ಮಾವನ ಕೇಂದ್ರದಲ್ಲೇ ಪಾಠ ಮಾಡುತ್ತಿದ್ದವನು. ಈಗ ನ್ಯಾಮತಿಯಲ್ಲಿದ್ದಾನೆ ಎಂದು ಯಾರೋ ಹೇಳಿದ್ದರು. ನ್ಯಾಮತಿಯಲ್ಲಿ ಆ ಹೆಸರಿನವನು ಸಿಕ್ಕಿದ. ಮುಖ ಗುರುತು ಸಿಗದಿದ್ದರೂ, ಇಷ್ಟು ವರ್ಷಗಳಲ್ಲಿ ಬದಲಾಗಿರಬೇಕೆಂದು ಮಾವ ಸಮಾಧಾನ ಮಾಡಿಕೊಂಡರು. ಎಲೆ ಅಡಿಕೆ ಇಸಿದುಕೊಂಡು ಬಾಯಿಗೆ ಹಾಕಿ, “ಯಾವ ಆಟ ಬೇಕಾದ್ರೂ ತಗೊಳ್ರಿ, ನಂದೇನೂ ಅಭ್ಯಂತರ ಇಲ್ಲ,” ಎಂದ. ಆಮೇಲೆ ವಿಚಾರಿಸಿದರೆ ಅವನು ಅದೇ ಹೆಸರಿನ ಮಿಕ್ಸಿ ರಿಪೇರಿಯವನು! ಜಗಿದು ಉಗಿದ ಒಪ್ಪಿಗೆಯನ್ನು ವಾಪಸು ಪಡೆಯುವುದು ಹೇಗೆಂದು ಮಾವ ಬಸ್ಸಿನಲ್ಲಿ ಉದ್ದಕ್ಕೂ ಚಿಂತಿಸಿದರು.

ಅಸಲಿ ಮನುಷ್ಯ ಸಿಕ್ಕಿದ್ದು ಜಗಳೂರಿನ ಹೊರಗೆ, ಮೆಕ್ಕೆಜೋಳದ ಹೊಲದ ಬದಿಯಲ್ಲಿ. ಈಗ ನಿಜವಾದ ಕುರಿಗಳನ್ನೇ ಸಾಕಿದ್ದಾನೆ. ಮಾವ ವಿಷಯ ಹೇಳಿದಾಗ ಬಹಳ ಹೊತ್ತು ನಕ್ಕ.

“ಆ ಆಟದ ಒಂದು ಸಿಡಿನೂ ನನ್ ಹತ್ರ ಉಳಿದಿಲ್ಲ ಸಾರ್. ಈ ಕುರಿನೇ ವಾಸಿ, ಪರ್ಮಿಶನ್ ಕೇಳ್ದೆ ತಾವೇ ಕಾಪಿ ಆಗ್ತಾವೆ.” ಆಮೇಲೆ ಎಲೆ ಅಡಿಕೆಗೆ ಕೈ ಒಡ್ಡಿದವನು ತಡೆದು ಹೇಳಿದ: “ಆಟ ನಂದು, ಕೊಟ್ಟೆ. ಆದ್ರೆ ಅದ್ರಲ್ಲಿರೋ ದನಿ ಅಕ್ಕಾವ್ರದ್ದಲ್ವ ಸಾರ್?”

ನಾನು ಮಾವನ ಮುಖ ನೋಡಿದೆ. ಮಾವ ಕುರಿಗಳ ಕಡೆ ನೋಡುತ್ತಿದ್ದರು.

“ಕುರಿ ಲಾರಿಗೆ ಸಿಕ್ರೆ ಬಯ್ಯೋ ದನಿ ಬೇಕಿತ್ತು,” ಎಂದು ಅವನು ನನಗೆ ಬಿಡಿಸಿ ಹೇಳಿದ. “ಮಕ್ಕಳಿಗೆ ಬಯ್ದಂಗೆ ಬಯ್ರಿ ಅಂದ್ರೆ ನಿಮ್ ಅತ್ತೆಯವ್ರಿಗೆ ಬರ್ಲಿಲ್ಲ. ಸಾರ್‌ಗೆ ಬಯ್ಯೋ ಹಂಗೆ ಬಯ್ದ್ರು. ಅದನ್ನೇ ಹಾಕಿದೆ.”

ಆ ಹೆಡ್‌ಫೋನಿನೊಳಗೆ ಇಷ್ಟು ದಿನ ಅತ್ತೆ ಇದ್ದರು! ದನಿಯ ಹಕ್ಕು ಈಗ ಯಾರದೆಂದು ಕೇಳಲು ವಕೀಲರಿಗೆ ಫೋನ್ ಮಾಡಿದೆ. “ಅವರ ಹಕ್ಕು ನಿಮ್ ಮಾವಂಗೇ ಬಂದಿರ್ತೈತೆ. ತನಗೆ ತಾನೇ ಕೊಟ್ಕೊಳ್ಳಾಕೆ ಹೇಳ್ರಿ,” ಎಂದರು. ಮಾವ ಒಪ್ಪದೆ ಅಡ್ಡಡ್ಡ ತಲೆಯಾಡಿಸಿದರು.

“ಅವಳ ಪರವಾಗಿ ನಾನು ಯಾವತ್ತು ಹೂಂ ಅಂದೀನೋ? ಅಂದಿದ್ರೆ ಬಿಡ್ತಿದ್ಲಾ?”

ಮನೆಗೆ ಬಂದು, ಉಳಿದ ಎಲೆ ಅಡಿಕೆಯನ್ನು ಕಂಪ್ಯೂಟರಿನ ಮುಂದಿಟ್ಟು ಮಾವ ಎದುರಿಗೆ ಕುಳಿತರು. ನಾನು ಕಾಫಿ ತಂದೆ. ಕಾಫಿ ಆರಿತು, ಕೆನೆ ಕಟ್ಟಿತು. ಕೊನೆಗೆ ಮಾವ ಎದ್ದರು.

“ಕಾಪಿ ಮಾಡೋ. ಒಪ್ಪಿಗೆ ಇಲ್ದಿದ್ರೆ ಅವಳು ಇಷ್ಟೊತ್ತು ಸುಮ್ನೆ ಇರ್ತಿರ್ಲಿಲ್ಲ.”

ಸಿಡಿ ಕೆಮ್ಮಿ ಕೆಮ್ಮಿ ಅಂತೂ ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕೊಟ್ಟಿತು. ಕಾಪಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಮಾವ ಮೊದಲ ಬಾರಿಗೆ ಹೆಡ್‌ಫೋನ್ ಕಿತ್ತಿಟ್ಟು ಸ್ಪೀಕರ್ ಹಚ್ಚಿದರು. “ನೀನು ಆಡು,” ಎಂದರು. ಎಂಥ ಮರ್ಯಾದೆ! ಉಸಿರು ಬಿಗಿಹಿಡಿದು ಆಡಿದೆ. ಮೊದಲ ಕುರಿ ಕ್ಷೇಮವಾಗಿ ದಾಟಿತು. ಹೆಮ್ಮೆಯಿಂದ ತಿರುಗಿ ನೋಡಿದರೆ ಮಾವನ ಮುಖ ಬಾಡಿತ್ತು.

“ಹಂಗೆ ಸರಿಯಾಗಿ ಆಡ್ಬ್ಯಾಡ ಕಣೋ,” ಎಂದರು ಮೆಲ್ಲಗೆ. “ದಾಟಿಸಿದ್ರೆ ಅವಳು ಮಾತಾಡಲ್ಲ.”

ನಾನು ಬೆರಳು ತೆಗೆದೆ. ಲಾರಿ ಬಂತು.

“ರೀ, ಕಣ್ಣು ಎಲ್ಲಿಟ್ಟಿದ್ರಿ?” ಎಂದರು ಅತ್ತೆ, ಇಡೀ ಮನೆಗೆ ಕೇಳುವಂತೆ.

“ಇಲ್ಲೇ ಐತೆ ಕಣೆ,” ಎಂದರು ಮಾವ.

ನಾನು ಮೂರನೆಯ ಕುರಿಯನ್ನೂ ಲಾರಿಗೆ ಕೊಟ್ಟೆ.