ಜಪಾನಿ ಕಲಿಯಹೊರಟ ಪಂಡಿತರ ಆ್ಯಪತ್ತು

"ದುಭಾಷಿ ಯಾಕೆ ಸಾರ್? ನಾನಿಲ್ವಾ!" ಅಂದುಬಿಟ್ಟರು ಪಂಡಿತರು.

ಅವರು ಯಾವ ಶಾಸ್ತ್ರದ ಪಂಡಿತರೂ ಅಲ್ಲ. ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದವರು. ತಪ್ಪಕ್ಷರ ಕಂಡರೆ ಸಾಕು, ಕೆಂಪು ಪೆನ್ನು ಜೇಬಿನಿಂದ ತಾನೇ ಎದ್ದು ಬರುತ್ತಿತ್ತು. ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ತಿದ್ದಿ, ಸಾಮಾನು ತರದೆ ಬರೀ ಚೀಟಿ ವಾಪಸು ತಂದ ಮಹಾನುಭಾವರು! ಪ್ರೆಸ್ಸಿನವರೆಲ್ಲ 'ಪಂಡಿತ್ರೇ' ಎನ್ನುತ್ತಿದ್ದರು. ಅದು ಗೇಲಿ ಅಂತ ಗೊತ್ತಿಲ್ಲದವರು ಅವರೊಬ್ಬರೇ.

ಪ್ರೆಸ್ಸಿಗೆ ಹೊಸ ಯಂತ್ರ ಬಂದಿತ್ತು. ಅದನ್ನು ಜೋಡಿಸಿಕೊಡಲು ಜಪಾನಿನಿಂದ ಎಂಜಿನಿಯರೊಬ್ಬರು ಬರುವವರಿದ್ದರು. ಮಾಲೀಕರು ದುಭಾಷಿಯನ್ನು ಗೊತ್ತುಮಾಡಲು ಫೋನು ಕೈಗೆತ್ತಿಕೊಂಡಾಗಲೇ ಪಂಡಿತರ ಬಾಯಿಂದ ಈ ಮಾತು ಉದುರಿದ್ದು.

"ನಿಮಗೆ ಜಪಾನಿ ಬರುತ್ತಾ ಪಂಡಿತ್ರೇ?"

"ಬರುತ್ತೆ ಅಂತಲ್ಲ, ಬರಿಸಿಕೊಳ್ತೀನಿ! ಮೂರು ವಾರ ಸಾಕು. ಈಗ ಎಲ್ಲದಕ್ಕೂ ಆ್ಯಪ್ ಇದೆ ಸಾರ್."

ಮಾಲೀಕರು ಫೋನು ಕೆಳಗಿಟ್ಟರು. ಪಂಡಿತರ ಗ್ರಹಚಾರ ಮೇಲೆದ್ದಿತು.

ಸಂಜೆ ಮನೆಗೆ ಬಂದವರೇ ಸೋಫಾದಲ್ಲಿ ವಿರಾಜಮಾನರಾಗಿ ಆ್ಯಪ್ ಹುಡುಕತೊಡಗಿದರು. ಒಂದು ಕೇಳಿದರೆ ನೂರು ಸಿಕ್ಕವು! ಸರಿ, ಬಳಸಿದವರ ಅಭಿಪ್ರಾಯ ಓದಿ ಆರಿಸೋಣವೆಂದರೆ, ಆ ಅಭಿಪ್ರಾಯಗಳ ತುಂಬ ಕಾಗುಣಿತದ ತಪ್ಪು. ಸುಮ್ಮನಿರಲಾದೀತೇ? ಒಂದೊಂದಕ್ಕೂ ತಿದ್ದುಪಡಿ ಬರೆದು ಕಳಿಸುವುದರಲ್ಲೇ ನಾಲ್ಕು ದಿನ ಕಳೆಯಿತು.

"ರೀ, ಕಲಿಯೋದು ಯಾವಾಗ?" ಹೆಂಡತಿ ಕೇಳಿದಳು.

"ಆಯುಧ ಆರಿಸ್ತಿದೀನಿ ಕಣೇ. ಯುದ್ಧ ಆಮೇಲೆ."

ಎರಡನೇ ವಾರ ಮುಗಿಯುವ ಹೊತ್ತಿಗೆ ಫೋನಿನೊಳಗೆ ಹದಿನಾಲ್ಕು ಆಯುಧ! ಒಂದರಲ್ಲಿದ್ದ ಮೊಲ, ಪಾಠ ತಪ್ಪಿಸಿದರೆ ಕಣ್ಣೀರು ಹಾಕುತ್ತಿತ್ತು. ಇನ್ನೊಂದು ಉಚ್ಚಾರಣೆಗೆ ಅಂಕ ಕೊಡುವ ಆ್ಯಪು. ಪಂಡಿತರು ಗಂಟಲು ಹರಿದುಕೊಂಡರೂ ನಲವತ್ತೊಂದು ದಾಟಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದ ಸದ್ದಿಗೆ ಎಂಬತ್ತೆರಡು ಕೊಟ್ಟು 'ಬಹಳ ಚೆನ್ನಾಗಿದೆ' ಎಂದಿತು! ಮೂರನೆಯದು, 'ಯಾಕೆ ಕಲಿಯುತ್ತೀರಿ? ಪ್ರವಾಸ, ಉದ್ಯೋಗ, ಪ್ರೇಮ' ಎಂದು ಕೇಳಿತ್ತು. ಹೆಬ್ಬೆರಳು ಜಾರಿ ಪ್ರೇಮದ ಮೇಲೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲಿಂದ ಒಂದು ಜೇನುದನಿ ಕನ್ನಡದ ಅರ್ಥಸಮೇತ ಉಲಿಯಿತು: "ನಿಮ್ಮ ಕಣ್ಣುಗಳು ಎಷ್ಟು ಸುಂದರ!"

"ಎಂಜಿನಿಯರಿಗೆ ಇದನ್ನೇ ಹೇಳ್ತೀರಾ? ಹೇಳಿ ಹೇಳಿ. ನನಗಂತೂ ಹತ್ತೊಂಬತ್ತು ವರ್ಷದಲ್ಲಿ ಹೇಳಲಿಲ್ಲ," ಅಂದಳು ಹೆಂಡತಿ.

ನಿಜವಾದ ಫಜೀತಿ ಬೇರೆಯೇ ಇತ್ತು. ಹದಿನಾಲ್ಕು ಆ್ಯಪುಗಳೂ ಶುರುಮಾಡುವುದು ಒಂದನೇ ಪಾಠದಿಂದ. ಹೀಗಾಗಿ ಪಂಡಿತರು 'ಇದು ಸೇಬು' ಎನ್ನುವುದನ್ನು ಹದಿನಾಲ್ಕು ಸಲ ಕಲಿತಿದ್ದರು. ಅದರಾಚೆ ಏನೂ ಬರುತ್ತಿರಲಿಲ್ಲ!

ಉಳಿದದ್ದು ಮೂರೇ ದಿನ. ಪಂಡಿತರ ಬೆವರು ಇಳಿಯಿತು.

"ಅಷ್ಟೂ ಕಿತ್ತುಹಾಕಿ. ಒಂದನ್ನೇ ಇಟ್ಕೊಂಡು 'ಬನ್ನಿ', 'ಕೂತ್ಕೊಳ್ಳಿ' ಅಂತ ಎರಡು ಮಾತು ಬಾಯಿಪಾಠ ಮಾಡಿ. ಅಷ್ಟಾದ್ರೆ ಮಾನ ಉಳಿಯುತ್ತೆ," ಎಂದು ಹೆಂಡತಿ ದಾರಿ ತೋರಿಸಿದಳು.

'ಬನ್ನಿ' ಎನ್ನಲು 'ಯೋಕೊಸೊ'. 'ದಯವಿಟ್ಟು ಕೂತ್ಕೊಳ್ಳಿ' ಎನ್ನಲು 'ಸುವತ್ತೆ ಕುದಾಸಾಯಿ'. ಪಂಡಿತರು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಉರುಹೊಡೆಯತೊಡಗಿದರು. ಅದೇ ಹೊತ್ತಿಗೆ, ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಹೋಗೋಣವೆಂದು ಬಂದಿದ್ದ ಅತ್ತೆ, ಕೈಯಲ್ಲಿ ಟವೆಲು ಹಿಡಿದು ಬಾಗಿಲಾಚೆ ಕಾಯುತ್ತಿದ್ದರು. ನಲ್ಲಿಯ ಸದ್ದಿನ ನಡುವೆ ಅವರಿಗೆ ಕೇಳಿಸಿದ್ದಿಷ್ಟೇ:

"...ಅತ್ತೆ ...ಸಾಯಿ! ...ಅತ್ತೆ ...ಸಾಯಿ!"

ಪಂಡಿತರು ಹೊರಗೆ ಬರುವಷ್ಟರಲ್ಲಿ ಅತ್ತೆಯ ಸೂಟ್‌ಕೇಸು ಬಾಗಿಲಿಗೆ ಬಂದಿತ್ತು.

"ಅಳಿಯಂದ್ರೇ, ಹೋಗಿ ಅಂದಿದ್ರೆ ಹೋಗ್ತಿದ್ದೆ. ಅಷ್ಟು ದೂರ ಕಳಿಸೋದು ಬೇಡವಾಗಿತ್ತು!"

ಹೆಂಡತಿ ಓಡಿಬಂದು ಆ್ಯಪ್ ಹಚ್ಚಿ, ಅದೇ ಮಾತನ್ನು ನಾಲ್ಕು ಸಲ ಕೇಳಿಸಿದ ಮೇಲೆ ಸೂಟ್‌ಕೇಸು ಒಳಗೆ ಹೋಯಿತು. ಆದರೆ ಅಂದಿನಿಂದ ಮನೆಯಲ್ಲಿ ಆ ಮಾತು ಬಾಯಿಬಿಟ್ಟು ಆಡಕೂಡದೆಂದು ಕಟ್ಟಪ್ಪಣೆಯಾಯಿತು. ಪಂಡಿತರು ತುಟಿ ಬಿಗಿದುಕೊಂಡು ಮೂಗಿನಲ್ಲೇ ಗುನುಗಿದರು. ಮೂಗಿಗೆ ಸು ಆದರೇನು, ಸ ಆದರೇನು? ಎರಡೂ ಒಂದೇ!

ಆ ದಿನ ಬಂತು. ರಾತ್ರಿಯಿಡೀ ಪ್ರಯಾಣಮಾಡಿ ಬಳಲಿದ್ದ ಎಂಜಿನಿಯರು ಬೆನ್ನಿಗೆ ಭಾರದ ಚೀಲ ಹೊತ್ತು ಮಾಲೀಕರ ಕೋಣೆಗೆ ಕಾಲಿಟ್ಟರು. ಸಿಬ್ಬಂದಿಯೆಲ್ಲ ಸಾಲಾಗಿ ನಿಂತಿತ್ತು.

"ಯೋಕೊಸೊ!" ಎಂದರು ಪಂಡಿತರು. ಎಂಜಿನಿಯರ ಮುಖ ಅರಳಿತು. ಮಾಲೀಕರ ಎದೆ ಉಬ್ಬಿತು. ಪಂಡಿತರು ಮೆತ್ತೆಯ ಕುರ್ಚಿಯ ಕಡೆ ಠೀವಿಯಿಂದ ಕೈ ತೋರಿಸಿ, "ಸವತ್ತೆ ಕುದಾಸಾಯಿ!" ಎಂದರು.

ಎಂಜಿನಿಯರು ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ಬಗ್ಗಿ, ಕುರ್ಚಿಯನ್ನು ಬೆರಳ ತುದಿಯಿಂದ ಮುಟ್ಟಿದರು.

ಕೇಳಿಸಲಿಲ್ಲವೇನೋ ಎಂದುಕೊಂಡ ಪಂಡಿತರು ಇನ್ನೂ ಗಟ್ಟಿಯಾಗಿ, "ಸವತ್ತೆ ಕುದಾಸಾಯಿ!" ಎಂದರು. ಈ ಸಲ ಅತಿಥಿ ಚೀಲ ಕೆಳಗಿಟ್ಟು, ಎರಡೂ ಕೈಯಿಂದ ಭಕ್ತಿಪೂರ್ವಕ ಮುಟ್ಟಿದರು.

ಆಗ ಪಂಡಿತರ ತಲೆಯೊಳಗೆ ಸಿಡಿಲು ಹೊಡೆಯಿತು. ಸುವತ್ತೆ ಅಂದರೆ ಕೂತ್ಕೊಳ್ಳಿ, ಸವತ್ತೆ ಅಂದರೆ ಮುಟ್ಟಿ ಎಂದು ಆ್ಯಪು ಕೆಂಪಕ್ಷರದಲ್ಲಿ ಎಚ್ಚರಿಸಿತ್ತು! ಇಪ್ಪತ್ತೆರಡು ವರ್ಷ ಊರವರ ಕೊಂಬು, ಒತ್ತು, ದೀರ್ಘ ತಿದ್ದಿದ ಮನುಷ್ಯ ತನ್ನ ಬಾಯೊಳಗಿನ ಒಂದು ಕೊಂಬನ್ನು ಬೀಳಿಸಿಕೊಂಡಿದ್ದ.

ಬಾಯಿಬಿಟ್ಟು ಹೇಳಬೇಕು ಅನ್ನುವಷ್ಟರಲ್ಲಿ ಮಾಲೀಕರು ಮುಂದೆ ಬಂದರು. "ಓಹೋ, ಇದು ಅವರ ಕಡೆಯ ಪದ್ಧತಿ ಇರಬೇಕು," ಎಂದು ಪಿಸುಗುಟ್ಟಿ ತಾವೂ ಮುಟ್ಟಿದರು. ಅವರ ಹಿಂದೆ ಗುಮಾಸ್ತರು ಮುಟ್ಟಿದರು. ಬೈಂಡರ್ ಮುಟ್ಟಿದ. ಮಸಿ ಕೈಯ ಮೆಷಿನ್‌ಮ್ಯಾನ್ ಓಡಿಹೋಗಿ ಸೋಪು ಹಾಕಿ ಕೈ ತೊಳೆದು ಬಂದು ಮುಟ್ಟಿದ!

"ಏನ್ ಪಂಡಿತ್ರೇ, ನೀವೊಬ್ರೇ ಬಾಕಿ," ಎಂದರು ಮಾಲೀಕರು.

ಪಂಡಿತರು ತಲೆ ತಗ್ಗಿಸಿ ಹೋಗಿ ಮುಟ್ಟಿದರು. ಬೇರೆ ದಾರಿಯಾದರೂ ಏನಿತ್ತು?

ಎಂಜಿನಿಯರು ಎಲ್ಲರನ್ನೂ ಒಮ್ಮೆ ನೋಡಿ, ಜೇಬಿನಿಂದ ಫೋನು ತೆಗೆದು ಅದರೊಳಗೆ ಮೆಲ್ಲಗೆ ಏನೋ ಹೇಳಿದರು. ಫೋನು ಕೊಂಬು, ಒತ್ತು, ದೀರ್ಘ ಯಾವುದೂ ತಪ್ಪದ ಸ್ಫುಟ ಕನ್ನಡದಲ್ಲಿ ಕೇಳಿತು:

"ಎಲ್ಲರೂ ಮುಟ್ಟಿ ಆಯಿತು. ದಯವಿಟ್ಟು, ಈಗ ನಾನು ಕುಳಿತುಕೊಳ್ಳಬಹುದೇ?"