ಮಗ್ಗದ ಖಾತೆಯಲ್ಲಿ ಆದ ಬಿ.ಎ.

ನೇರ ದಾರಿಯಲ್ಲಿ ಹೋಗುವವರಿಗೆ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ನನ್ನಂತೆ ಸುತ್ತು ಹಾಕಿಕೊಂಡು, ಅದೂ ಕನಸು ಕಾಣುತ್ತ ಹೋಗುವವರಿಗೆ ದಿನಕ್ಕೊಂದು ಆಗುತ್ತಲೇ ಇರುತ್ತದೆ. ಇಂಟರ್ ಮುಗಿಸಿದ ವರ್ಷವೇ ಅಪ್ಪ ತೀರಿಕೊಂಡರು. ಪುಸ್ತಕ ಅಟ್ಟಕ್ಕೆ ಹೋಯಿತು, ನಾನು ದಾವಣಗೆರೆಯ ಬಟ್ಟೆ ಮಿಲ್ಲಿಗೆ ಹೋದೆ. ಎಂಟು ವರ್ಷ ಮಗ್ಗ ನಡೆಸಿದ ಮೇಲೆ ಬಲಗಿವಿಯಲ್ಲಿ ಯಾವಾಗಲೂ ಜೀರುಂಡೆ ಕೂಗತೊಡಗಿತು. ಪಿ.ಜೆ. ಬಡಾವಣೆಯ ಡಾಕ್ಟರು ಕಿವಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಒಂದೋ ಮಗ್ಗ ಬಿಡ್ರಿ, ಇಲ್ಲಾ ಕಿವಿ ಬಿಡ್ರಿ" ಎಂದರು. ನಮ್ಮೂರು ಹರಿಹರದ ಹೈಸ್ಕೂಲಿನ ಹೆಡ್‌ಮೇಷ್ಟ್ರು, "ಬಿ.ಎ. ಮುಗಿಸ್ಕೊಂಡು ಬಾರಪ್ಪ, ಚರಿತ್ರೆ ಹೇಳೋಕೆ ಒಂದು ಜಾಗ ಐತೆ" ಎಂದಿದ್ದರು. ಕಾಲೇಜಿಗೆ ಹೋಗದೆ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದೆಂದು ಗೊತ್ತಾಯಿತು. ಅಟ್ಟದಿಂದ ಪುಸ್ತಕ ಇಳಿಸಿದೆ.

ಎಲೆ ಅಜ್ಜಿ

ಓದಲು ನನಗೆ ಇದ್ದ ಹೊತ್ತೆಂದರೆ ಬೆಳಗಿನ ರೈಲು. ಹರಿಹರದಲ್ಲಿ ಹತ್ತಿ ಕಿಟಕಿ ಪಕ್ಕ ಕೂತರೆ ಹೊಗೆಯ ಹಿಂದೆ ಹೊಲಗಳು ತೇಲಿಕೊಂಡು ಹೋಗುತ್ತಿದ್ದವು. ಅಶೋಕನ ಸೈನ್ಯ ಆ ಜೋಳದ ಹೊಲದಲ್ಲೇ ಬೀಡುಬಿಟ್ಟಂತೆ ಕಾಣುತ್ತಿತ್ತು. ಹಾಗೆ ನೋಡುತ್ತ ಎರಡು ಸಲ ದಾವಣಗೆರೆ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಹಳಿಯ ಮೇಲೆ ನಡೆದು ವಾಪಸು ಬಂದಿದ್ದೇನೆ.

ಮೂರನೇ ಸಲ ಹಾಗಾಗದಂತೆ ತಡೆದವಳು ಎದುರು ಸೀಟಿನ ಅಜ್ಜಿ. ದಿನಾ ಬುಟ್ಟಿ ತುಂಬ ವೀಳ್ಯದೆಲೆ ಹೊತ್ತು ದಾವಣಗೆರೆ ಪೇಟೆಗೆ ಬರುತ್ತಿದ್ದಳು. ಓದು ಬಾರದು. ಆದರೂ ಒಂದು ದಿನ ಪುಸ್ತಕ ಕಸಿದುಕೊಂಡು, "ಬಾಯಲ್ಲಿ ಹೇಳು, ನಾನು ನೋಡ್ತೀನಿ" ಎಂದಳು. ಹೇಳಿದೆ. ನಡುವೆ ಒಂದು ಇಸವಿ ಮರೆತು ಏನೋ ಒಂದು ಸೇರಿಸಿದೆ.

"ತಪ್ಪು" ಎಂದಳು.

ನನಗೆ ಆಶ್ಚರ್ಯವಾಯಿತು. "ನಿನಗೆ ಹೆಂಗೆ ಗೊತ್ತಾತಜ್ಜಿ?"

"ಗೊತ್ತಿರೋದು ಹೇಳುವಾಗ ಕಿಟಕಿ ಕಡೆ ನೋಡ್ತೀಯ. ಗೊತ್ತಿಲ್ಲದ್ದು ಹೇಳುವಾಗ ನನ್ನ ಮುಖ ನೋಡ್ತೀಯ. ಸಂತ್ಯಾಗೆ ಸುಳ್ಳು ಹೇಳೋರೆಲ್ಲ ಹಂಗೇ."

ಅಂದಿನಿಂದ ಅವಳೇ ನನ್ನ ಪ್ರೊಫೆಸರು. ಒಂದು ದಿನ ಧೈರ್ಯ ಮಾಡಿ, "ಅಜ್ಜಿ, ಪುಸ್ತಕ ತಲೆಕೆಳಗೆ ಹಿಡ್ಕೊಂಡೀಯಲ್ಲ" ಎಂದೆ.

"ಹೆಂಗೆ ಹಿಡಿದರೂ ನಿನ್ನ ತಪ್ಪು ಹಂಗೇ ಐತಲ್ಲೋ" ಎಂದಳು.

ಸತ್ತವನು ಎದ್ದು ಬಂದದ್ದು

ಮಗ್ಗದ ಖಾತೆ ಎಂದರೆ ಒಂದೇ ಸೂರಿನಡಿ ನೂರಾರು ಮಗ್ಗ. ಲಾಳಿಗಳ ಹೊಡೆತಕ್ಕೆ ಪಕ್ಕದವನು ಕಿರುಚಿದರೂ ಕೇಳಿಸದು. ಗಾಳಿಯಲ್ಲಿ ಹತ್ತಿಯ ಎಳೆ ಸದಾ ತೇಲುತ್ತಿರುತ್ತಿತ್ತು. ಅದನ್ನು ನೋಡುತ್ತ ನಾನು ಎಲ್ಲೋ ಇರುತ್ತಿದ್ದೆ. ಇಲ್ಲಿ ಎಷ್ಟು ಜೋರಾಗಿ ಓದಿಕೊಂಡರೂ ಯಾರಿಗೂ ತೊಂದರೆ ಇಲ್ಲ ಎಂದು ಮಗ್ಗದ ಮುಂದೆ ನಿಂತು ಮೊಗಲರ ಚರಿತ್ರೆ ಒಪ್ಪಿಸತೊಡಗಿದೆ. ಅಣ್ಣತಮ್ಮಂದಿರು ಗದ್ದುಗೆಗಾಗಿ ಹೊಡೆದಾಡುವ ಪಾಠ.

ಒಂದು ವಿಷಯ ಮರೆತಿದ್ದೆ. ಆ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ನಾಲ್ಕು ದಿನದಲ್ಲಿ ನನ್ನ ಸಾಲಿನವರೆಲ್ಲ ಕೈ ಮಗ್ಗದ ಮೇಲಿಟ್ಟು ಕಣ್ಣು ನನ್ನ ಬಾಯಿಯ ಮೇಲಿಟ್ಟಿದ್ದರು. ಎಳೆಗಳು ಪಟಪಟ ಕಡಿಯುತ್ತಿದ್ದವು. ನಮ್ಮ ಸಾಲಿನ ಉಸ್ತುವಾರಿ ಜಾಬರ್ ಸಾಹೇಬರದು. ಅವರು ಕೆಂಡವಾಗಿ ಬಂದರು. ನನ್ನೆದುರು ನಿಂತು ಬೈಯಲು ಬಾಯಿ ತೆಗೆದವರು, ನನ್ನ ತುಟಿ ನೋಡುತ್ತ ಹಾಗೇ ನಿಂತುಬಿಟ್ಟರು. ಅಂದು ದೊಡ್ಡಣ್ಣನ ತಲೆ ಹೋಗುವ ಘಟ್ಟ. ಸಾಹೇಬರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಹೊರಟು ಹೋದರು.

ಮರುದಿನ ಪುನರಾವರ್ತನೆಗೆಂದು ಅದೇ ಪಾಠವನ್ನು ಮೊದಲಿನಿಂದ ಹಿಡಿದೆ. ಅರ್ಧ ಗಂಟೆಯಲ್ಲಿ ಸಾಹೇಬರು ಓಡಿ ಬಂದು ನನ್ನ ಭುಜ ಹಿಡಿದರು.

"ಅರೆ ಭಾಯ್, ನಿನ್ನೆ ಸತ್ತೋನು ಇವತ್ತು ಹೆಂಗೆ ಎದ್ದು ಬಂದ? ರಾತ್ರಿ ಊಟ ಬಿಟ್ಟೀನಿ ನಾನು!"

ನೇಕಾರನ ಗಂಟು

ಮೊದಲ ಸಲ ಪರೀಕ್ಷೆಗೆ ಕೂತಾಗ ಇಂಗ್ಲಿಷ್ ಪ್ರಶ್ನೆಪತ್ರಿಕೆ ಹೆದರಿಸಲಿಲ್ಲ. ಹೆದರಿಸಿದ್ದು ಪರೀಕ್ಷೆಯ ಕೊಠಡಿಯ ನಿಶ್ಶಬ್ದ. ನೇಕಾರನಿಗೆ ಸದ್ದು ನಿಂತರೆ ಎಲ್ಲೋ ಎಳೆ ಕಡಿದಿದೆ ಎಂದೇ ಅರ್ಥ. ಮನಸ್ಸಿಗಿಂತ ಮೊದಲು ಮೈ ಎದ್ದು ನಿಲ್ಲುತ್ತದೆ. ನಾನು ಎರಡು ಸಾಲು ಬರೆಯುವುದು, ಎದ್ದು ನಿಂತು ಸುತ್ತ ನೋಡುವುದು. ಮೇಲ್ವಿಚಾರಕರು ಬಹಳ ಒಳ್ಳೆಯವರು. ಹಾಳೆ ಬೇಕೇನೋ ಎಂದು, ನಾನು ಎದ್ದಾಗಲೆಲ್ಲ ಒಂದೊಂದು ಹೆಚ್ಚಿನ ಹಾಳೆ ಕೊಟ್ಟು, "ಕೂಡ್ರಿ, ಕೂಡ್ರಿ" ಎನ್ನುತ್ತಿದ್ದರು. ಕೊಠಡಿಯಲ್ಲಿದ್ದವರೆಲ್ಲ ನನ್ನನ್ನು ಮಹಾ ಪಂಡಿತನೆಂದು ತಿಳಿದು ಬೆವರಿದರು.

ಗಂಟೆ ಹೊಡೆದಾಗ ಬರೆದದ್ದು ಮೂರು ಪುಟ. ಖಾಲಿ ಹಾಳೆ ಹನ್ನೊಂದು. ಎಲ್ಲ ಸೇರಿಸಿ ದಾರದಿಂದ ಭದ್ರವಾಗಿ ಕಟ್ಟಿ ಕೊಟ್ಟೆ. ಫೇಲಾಯಿತು. ಮಿಲ್ಲಿನವರು ಸಭೆ ಸೇರಿ ಕಾರಣ ಹುಡುಕಿದರು. "ನೀನು ಹಾಕಿದ್ದು ನೇಕಾರನ ಗಂಟು. ಪಾಪ, ಅವರಿಗೆ ಬಿಚ್ಚೋಕೆ ಬಂದಿಲ್ಲ."

ಉಕ್ಕಡಗಾತ್ರಿಯಲ್ಲಿ

ಎರಡನೇ ಸಲವೂ ಇಂಗ್ಲಿಷ್ ಕೈಕೊಟ್ಟಿತು. ಅವ್ವನಿಗೆ ಆಗ ನಿಜವಾದ ಭಯ ಹತ್ತಿತು. ಮಗ ಒಬ್ಬನೇ ಮಾತಾಡುತ್ತಾನೆ, ಅದೂ ತಿಳಿಯದ ಭಾಷೆಯಲ್ಲಿ. ಉಣ್ಣುತ್ತ ಉಣ್ಣುತ್ತ ಗೋಡೆ ನೋಡಿ ನಗುತ್ತಾನೆ. ಗಾಳಿ ಸೋಕಿದವರನ್ನು ನಮ್ಮ ಕಡೆ ಉಕ್ಕಡಗಾತ್ರಿಯ ಕರಿಬಸವಜ್ಜನ ಗದ್ದುಗೆಗೆ ಕರೆದೊಯ್ಯುವುದು ರೂಢಿ. ಅವ್ವ, ನನ್ನ ಹೆಂಡತಿ ಇಬ್ಬರೂ ಸೇರಿ ಒಂದು ಅಮಾವಾಸ್ಯೆ ನನ್ನನ್ನು ಹೊರಡಿಸಿದರು.

ಹೊಳೆಯಲ್ಲಿ ಮುಳುಗಿ ಎದ್ದೆ. ನೀರಿನ ಮೇಲೆ ಬಿಸಿಲು ಹರಡಿತ್ತು. ನನಗೆ ಏನೂ ಬೇಡ, ಹೀಗೇ ದಂಡೆಯಲ್ಲಿ ಕೂತಿದ್ದರೆ ಸಾಕು ಅನಿಸಿತು. ಕೂತೆ. ಕೂತವನು ಸುಮ್ಮನಿರದೆ ಇಂಗ್ಲಿಷ್ ಪ್ರಬಂಧ ಒಪ್ಪಿಸತೊಡಗಿದೆ. ಪಕ್ಕದಲ್ಲಿ ಕೂದಲು ಬಿಟ್ಟುಕೊಂಡು ತೂಗುತ್ತಿದ್ದ ಒಬ್ಬ ಹೆಂಗಸು ತೂಗುವುದನ್ನು ನಿಲ್ಲಿಸಿ, ನನ್ನನ್ನೇ ನೋಡಿ, ದೂರ ಸರಿದು ಕೂತಳು.

ಅಲ್ಲಿದ್ದ ಒಬ್ಬ ಮುದುಕರು ಅವ್ವನನ್ನು ಕೇಳಿದರು. "ಎಷ್ಟು ದಿನ ಆತವ್ವ?"

"ಇಂಟರ್ ಆದಾಗಿಂದ ಹಿಂಗೇ ಐತ್ರಿ."

ಮುದುಕರು ನಿಟ್ಟುಸಿರು ಬಿಟ್ಟರು. "ಇದು ಬಿ.ಎ. ಆಗೋತನ ಬಿಡಂಗಿಲ್ಲ ತಾಯಿ. ನನ್ನ ಅಳಿಯಗೂ ಬಡಿದಿತ್ತು. ಮನೆಗೆ ಕರ್ಕೊಂಡು ಹೋಗಿ ಓದಿಸ್ರಿ."

ಖಾತೆ ನಿಂತ ದಿನ

ಮೂರನೇ ಸಲ ಕೂತೆ. ಹೆಡ್‌ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು: "ಇನ್ನು ಕಾಯೋಕಾಗಲ್ಲಪ್ಪ. ಈ ಸಲ ಆಗದಿದ್ರೆ ಬೇರೆಯವರನ್ನ ತಗೋತೀವಿ." ಎಡಗಿವಿಯಲ್ಲೂ ಜೀರುಂಡೆ ಶುರುವಾಗಿತ್ತು. ಮಗಳು ಹಿಂದಿನಿಂದ ಕರೆದರೆ ತಿಳಿಯುತ್ತಿರಲಿಲ್ಲ. ಆಗದಿದ್ದರೆ ಅವಳ ದನಿ ನನಗೆ ಇನ್ನೆಷ್ಟು ದಿನ ಕೇಳೀತು ಎಂದು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೆ, ಅಷ್ಟು ಹೆದರಿಕೆ.

ಫಲಿತಾಂಶ ಪೇಪರಿನಲ್ಲಿ ಬಂದ ದಿನ ನಾನು ಮಗ್ಗದ ಮುಂದಿದ್ದೆ. ಗೇಟಿನ ಗುಮಾಸ್ತರು ಪೇಪರು ಹಿಡಿದು ಒಳಗೆ ಬಂದರು. ನನ್ನ ನಂಬರು ಅವರಿಗೆ ಗೊತ್ತಿಲ್ಲ, ನನಗೋ ಪೇಪರು ಬಿಡಿಸಿ ನೋಡುವ ಧೈರ್ಯವಿಲ್ಲ. ಅವರು ಪೇಪರು ಮುಖಕ್ಕೆ ಹಿಡಿದು ನಂಬರು ಓದಿದರೆ ತುಟಿಯೂ ಕಾಣದು, ದನಿಯೂ ಕೇಳದು. ಜಾಬರ್ ಸಾಹೇಬರು ನನ್ನ ಮಗ್ಗ ನಿಲ್ಲಿಸಿದರು. ಪಕ್ಕದವನು ತನ್ನದನ್ನು ನಿಲ್ಲಿಸಿದ. ಅವನನ್ನು ನೋಡಿ ಆ ಸಾಲು, ಸಾಲನ್ನು ನೋಡಿ ಇಡೀ ಖಾತೆ. ಅಷ್ಟೂ ವರ್ಷಗಳಲ್ಲಿ ಮೊದಲ ಸಲ ಅಲ್ಲಿ ನನ್ನ ಉಸಿರು ನನಗೆ ಕೇಳಿಸಿತು. ಹತ್ತಿಯ ಎಳೆಗಳು ಮೆಲ್ಲಗೆ ಇಳಿದು ಎಲ್ಲರ ತಲೆಯ ಮೇಲೆ ಕೂತವು. ಗುಮಾಸ್ತರು ಒಂದೊಂದೇ ನಂಬರು ಓದಿದರು. ನನ್ನದು ಬಂತು. ಕೇಳಿಸಿತು. ಸಂತೋಷದಲ್ಲಿ ಮಗ್ಗಕ್ಕೆ ಒರಗಿ ಹಾಗೇ ನೆಲಕ್ಕೆ ಜಾರಿದೆ. ಕಣ್ಣು ಮುಚ್ಚಿಕೊಂಡೆ.

ನಮ್ಮ ಮಿಲ್ಲಿನಲ್ಲಿ ಒಂದು ಕಟ್ಟಳೆ. ನಡು ಶಿಫ್ಟಿನಲ್ಲಿ ಖಾತೆಗೆ ಖಾತೆಯೇ ನಿಲ್ಲುವುದು ಕೆಲಸಗಾರ ಸತ್ತಾಗ ಮಾತ್ರ. ಆಚೆ ನೂಲಿನ ಖಾತೆಯವರಿಗೆ ನಮ್ಮ ಸದ್ದು ನಿಂತದ್ದು ತಿಳಿದು, ಅವರೂ ನಿಲ್ಲಿಸಿ, ಚಪ್ಪಲಿ ಬಿಟ್ಟು ಸಾಲಾಗಿ ಬಂದರು. ಗೇಟಿನ ಮುಂದಿನ ಹೂವಿನಂಗಡಿಯಿಂದ ಆಳುದ್ದದ ಹಾರವೂ ಬಂತು. ಮುಂದೆ ಬಂದವರು ಅವರ ಖಾತೆಯ ಹಿರಿಯರು. ನೆಲದ ಮೇಲೆ ಕಣ್ಣು ಮುಚ್ಚಿ ಕೂತ ನಾನು, ಪಕ್ಕದಲ್ಲಿ ಕಣ್ಣೀರು ಸುರಿಸುತ್ತಿರುವ ಜಾಬರ್ ಸಾಹೇಬರು. ಇನ್ನೇನು ಕೇಳುವುದು? ಹಾರ ಹಾಕಿ, ನನ್ನ ಮಂಡಿ ಹಿಡಿದು ಗೊಳೋ ಎಂದು ಅತ್ತರು. "ಎಂಥಾ ಮನುಷ್ಯ! ಒಬ್ಬರಿಗೆ ಕೆಟ್ಟದ್ದು ಅಂದೋನಲ್ಲ! ಅದೇನೋ ಓದು ಓದು ಅಂತಿದ್ದ, ಮುಗಿಸದೇ ಹೋದ!"

"ಮುಗೀತು ಕಾಕಾ" ಎಂದು ನಾನು ಕಣ್ಣು ಬಿಟ್ಟೆ.

ಅವರು ಮೂರು ಮಾರು ಹಿಂದಕ್ಕೆ ಹಾರಿದರು. ವಿಷಯ ತಿಳಿದು ಇಡೀ ಮಿಲ್ಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿರಿಯರು ಮಾತ್ರ ನಗಲಿಲ್ಲ. ಪಂಚೆಯ ಚುಂಗಿನಲ್ಲಿ ಮೂಗು ಒರೆಸಿಕೊಂಡು, ಬಹಳ ಗಂಭೀರವಾಗಿ ಬೆರಳು ತೋರಿಸಿ ಹೇಳಿದರು:

"ನೋಡು ತಮ್ಮ, ಮೇಷ್ಟ್ರಾಗಿ ಚೆಂದಾಗಿ ಬಾಳು. ಆದರೆ ನಿನ್ನ ಪಾಲಿನ ಅಳು ನಾನು ಅತ್ತಾತು, ಹಾರಾನೂ ಹಾಕ್ಯಾತು. ಮುಂದೆ ನಿಜವಾಗಿ ಹೋದಾಗ ನನಗೆ ಹೇಳಿ ಕಳಿಸಬ್ಯಾಡ."